ಮೊಣಕೈ ಜೋಪಾನ: ಗುಡ್ಡ ಹತ್ತುವ ಬೈಕ್ ಮಕ್ಕಳಿಗೆ ಎಲ್ಬೋ ಗಾರ್ಡ್ ಆರಿಸುವುದು ಹೇಗೆ?

ಮಗ ಬೈಕ್ ಕೇಳಿದರೆ ಮನೆಯಲ್ಲಿ ಒಂದು ವಾರ ಮಾತುಕತೆ ನಡೆಯುತ್ತದೆ. ಮಗಳು ಕೇಳಿದರೆ ಒಂದು ತಿಂಗಳು. ಅದೂ ಟಾರು ರಸ್ತೆಯಲ್ಲಿ ಕಾಲೇಜಿಗೆ ಹೋಗಿಬರುವ ಬೈಕ್ ಅಲ್ಲ, ಕಲ್ಲು, ಕೆಸರು, ಹಳ್ಳ, ದಿಣ್ಣೆ ಎಲ್ಲಿದೆಯೋ ಅಲ್ಲಿಗೇ ಹುಡುಕಿಕೊಂಡು ಹೋಗುವ ಎತ್ತರದ ಬೈಕ್ ಅಂದರೆ ಕೇಳಬೇಕೆ? ಅಜ್ಜಿಯಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರಿಗೂ ಒಂದೊಂದು ಅಭಿಪ್ರಾಯ. ಇಷ್ಟೆಲ್ಲ ಆದ ಮೇಲೂ ಬೈಕ್ ಬಂದೇ ಬರುತ್ತದೆ. ನಾವೆಲ್ಲ ನೋಡಿದ್ದೇ ತಾನೆ?

ರಾಯಲ್ ಎನ್‌ಫೀಲ್ಡ್‌ನವರ ಹಿಮಾಲಯನ್ 2016ರಲ್ಲಿ, ಹೀರೋದವರ ಎಕ್ಸ್‌ಪಲ್ಸ್ 2019ರಲ್ಲಿ ಬಂದ ಮೇಲಂತೂ ಈ ಹವ್ಯಾಸ ಬೆಂಗಳೂರಿನ ಉಳ್ಳವರ ಮಕ್ಕಳಿಗಷ್ಟೇ ಮೀಸಲಾಗಿ ಉಳಿದಿಲ್ಲ. ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ ಕಡೆಯ ತೋಟದ ದಾರಿಗಳಲ್ಲಿ ಭಾನುವಾರ ಬೆಳಗ್ಗೆ ನಿಂತು ನೋಡಿ, ಮೈಯೆಲ್ಲ ಕೆಸರು ಮಾಡಿಕೊಂಡ ಹುಡುಗರ ಸಾಲೇ ಸಿಗುತ್ತದೆ. ನಡುನಡುವೆ ಹುಡುಗಿಯರೂ ಇರುತ್ತಾರೆ. ಇರಬಾರದು ಅನ್ನಲು ನಾವ್ಯಾರು? ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ ರ್‍ಯಾಲಿಯ ಮಹಿಳಾ ವಿಭಾಗ ಗೆದ್ದು ಬಂದರು. ಬಿಗ್ ಬಾಸ್ ಮನೆಯಲ್ಲಿ 2021ರಲ್ಲಿ ನೀವೆಲ್ಲ ನೋಡಿದ ಉಡುಪಿಯ ಕೆ.ಪಿ. ಅರವಿಂದ್ ಅದಕ್ಕೂ ಮುಂಚೆ, 2019ರಲ್ಲಿ, ಡಾಕರ್ ರ್‍ಯಾಲಿಯನ್ನು ಪೂರ್ತಿ ಮುಗಿಸಿದವರು. ಮಕ್ಕಳು ಇವರ ಹೆಸರು ಹೇಳಿ ವಾದಕ್ಕೆ ನಿಂತರೆ ನಮ್ಮ ಬಾಯಿ ಕಟ್ಟಿದ ಹಾಗೆ!

‘ಬೇಡ’ ಅನ್ನುವ ಘಟ್ಟ ದಾಟಿತು ಅಂದ ಮೇಲೆ ತಾಯಂದಿರಿಗೆ ಉಳಿಯುವ ಕೆಲಸ ಒಂದೇ: ಹೋಗುವವರು ಸರಿಯಾದ ಕಾಪು ತೊಟ್ಟು ಹೋಗುತ್ತಾರೋ ಇಲ್ಲವೋ ನೋಡುವುದು. ಹೆಲ್ಮೆಟ್ಟಿನ ವಿಷಯ ಎಲ್ಲರಿಗೂ ಗೊತ್ತು. ಬೂಟು, ಗ್ಲೌಸ್, ಮೊಣಕಾಲಿನ ಗಾರ್ಡ್ ಕೂಡ ಹೇಗೋ ಬರುತ್ತವೆ. ಮೊಣಕೈಯದು ಮಾತ್ರ ಕೊನೆಗೆ, ಉಳಿದ ಚಿಲ್ಲರೆಯಲ್ಲಿ ಕೊಳ್ಳುವ ಸಾಮಾನು. ಬಹಳ ಜನ ಅದನ್ನು ಬೇರೆಯಾಗಿ ಕೊಳ್ಳುವುದೂ ಇಲ್ಲ. ಮೊಣಕಾಲಿನ ಜೋಡಿಯ ಜೊತೆಗೆ ‘ನಾಲ್ಕು ಪೀಸಿನ ಸೆಟ್’ ಅಂತ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದಲ್ಲ, ಅದೇ ಗತಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇರುವ ಹಣದಲ್ಲಿ ಮೊದಲ ಪಾಲು ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್ಟಿಗೆ, ಆಮೇಲೆ ಪಾದ ಮುಚ್ಚುವ ಗಟ್ಟಿ ಬೂಟಿಗೆ. ಹೆಲ್ಮೆಟ್ಟಿನಲ್ಲಿ ಕಡಿತ ಮಾಡಿ ಮೊಣಕೈಗೆ ಹಾಕುವುದು ಬೇಡ. ಅಷ್ಟಾದ ಮೇಲೆ ಮೊಣಕೈಯ ಸರದಿ ಬರಲೇಬೇಕು.

ಮೊಣಕೈಯಲ್ಲಿ ಅಂಥದ್ದೇನಿದೆ?

ನಿಮ್ಮ ಕೈ ಮಡಚಿ, ಮೊಣಕೈಯ ತುದಿಯನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿ. ಚರ್ಮ, ಅದರ ಕೆಳಗೊಂದು ತೆಳ್ಳನೆ ಚೀಲ, ನೇರ ಮೂಳೆ. ತೊಡೆಯಲ್ಲಿರುವಂತೆ ಮಾಂಸದ ದಿಂಬು ಇಲ್ಲವೇ ಇಲ್ಲ. ಬಿದ್ದ ಪೆಟ್ಟೆಲ್ಲ ಈ ಮೂಳೆಯ ಮೊನೆಗೇ. ಇನ್ನು ಒಳಬದಿಯ ಸಂದಿನಲ್ಲಿ ಒಂದು ನರ ಹಾದುಹೋಗುತ್ತದೆ. ಬಾಗಿಲಿನ ಅಂಚಿಗೆ ಮೊಣಕೈ ತಗಲಿದಾಗ ಕಿರುಬೆರಳಿನ ತನಕ ಝುಮ್ ಎಂದು ಕರೆಂಟು ಹೊಡೆದ ಹಾಗೆ ಆಗುತ್ತದಲ್ಲ, ಅದು ಈ ನರದ್ದೇ ಕೂಗು. ತೋಳಿನ ಒಂದು ಮೂಳೆ, ಮುಂಗೈಯ ಎರಡು ಮೂಳೆ, ಮೂರೂ ಇಲ್ಲಿ ಒಂದಕ್ಕೊಂದು ಬಿಗಿಯಾಗಿ ಕೂಡಿಕೊಂಡಿವೆ.

ಪೆಟ್ಟು ಬಿದ್ದರೆ ಬೇಗ ಬಿಗಿದುಕೊಳ್ಳುವ ಸಂದು ಇದು ಅನ್ನುವುದನ್ನು ಮೂಳೆ ವೈದ್ಯರು ಯಾರನ್ನು ಕೇಳಿದರೂ ಹೇಳುತ್ತಾರೆ. ಮೂಳೆ ಕೂಡಿದರೂ ಕೈ ಪೂರ್ತಿ ಮಡಚದೆ, ಪೂರ್ತಿ ಚಾಚದೆ ಉಳಿದುಬಿಡಬಹುದು. ಕೈ ಮಡಚದಿದ್ದರೆ ತುತ್ತು ಬಾಯಿಗೆ ಹೋಗುವುದಿಲ್ಲ, ತಲೆ ಬಾಚಲಾಗುವುದಿಲ್ಲ, ಮುಖ ತೊಳೆಯಲಾಗುವುದಿಲ್ಲ. ಇಪ್ಪತ್ತೆರಡು ವರ್ಷದ ಮಗನಿಗೆ ಕಲಸಿ ಉಣಿಸುವ ಪಾಡು ಯಾವ ತಾಯಿಗೂ ಬೇಡ.

ಮಣ್ಣುದಾರಿಯಲ್ಲಿ ಬೈಕ್ ಓಡಿಸುವ ಭಂಗಿಯೂ ಬೇರೆ. ಅಲ್ಲಿ ಕೂತು ಓಡಿಸುವುದು ಕಡಿಮೆ. ಫುಟ್‌ರೆಸ್ಟಿನ ಮೇಲೆ ನಿಂತು, ಮುಂದಕ್ಕೆ ಬಾಗಿ, ಎರಡೂ ಮೊಣಕೈಯನ್ನು ಹದ್ದು ರೆಕ್ಕೆ ಬಿಚ್ಚಿದ ಹಾಗೆ ಹೊರಕ್ಕೆ ಚಾಚಿರುತ್ತಾರೆ. ಕಲಿಸುವವರೇ ‘ಮೊಣಕೈ ಮೇಲೆ, ಮೊಣಕೈ ಮೇಲೆ’ ಎಂದು ಕೂಗುತ್ತಿರುತ್ತಾರೆ. ಹಾಗಾಗಿ ಕಾಫಿ ಗಿಡದ ರೆಂಬೆ, ಬೇಲಿಯ ಗೂಟ, ಲಂಟಾನದ ಪೊದೆ ಎಲ್ಲಕ್ಕೂ ಮೊದಲು ಸಿಗುವುದು ಮೊಣಕೈಯೇ. ಬೀಳುವುದೂ ಅಲ್ಲಿ ದಿನನಿತ್ಯದ ಮಾತು. ವೇಗ ಕಡಿಮೆ, ಆದರೆ ಬೀಳುವುದು ಕಲ್ಲಿನ ಮೇಲೆ, ಬೇರಿನ ಮೇಲೆ.

ಗಾರ್ಡ್ ಏನು ಮಾಡೀತು, ಏನು ಮಾಡದು

ಅಂಗಡಿಯವರು ಹೇಳದ ಒಂದು ವಿಷಯ ತಾಯಂದಿರಿಗೆ ಗೊತ್ತಿರಬೇಕು. ಎಲ್ಬೋ ಗಾರ್ಡ್ ಎರಡು ಕೆಲಸ ಮಾಡುತ್ತದೆ: ಮೊಣಕೈಯ ಮೇಲೆ ನೇರ ಬೀಳುವ ಪೆಟ್ಟನ್ನು ಹರಡಿ ತಗ್ಗಿಸುತ್ತದೆ, ಜಾರುವಾಗ ಚರ್ಮ ತರಚದಂತೆ ಕಾಯುತ್ತದೆ. ಆದರೆ ಬೀಳುವಾಗ ಅಂಗೈ ಊರುವುದು ಮನುಷ್ಯನ ಸಹಜ ಗುಣ. ಹಾಗೆ ಕೈ ಊರಿದರೆ ಪೆಟ್ಟು ಮಣಿಕಟ್ಟಿನಿಂದ ಮುಂಗೈ ಮೂಳೆಯ ಮೂಲಕ ಒಳಗೊಳಗೇ ಮೊಣಕೈಗೆ ಏರುತ್ತದೆ. ಅದನ್ನು ಹೊರಗೆ ಕಟ್ಟಿದ ಯಾವ ಗಾರ್ಡೂ ತಡೆಯಲಾರದು. ಬೀಳುವಾಗ ಕೈ ಊರದೆ ಮೈಗೆ ಎಳೆದುಕೊಳ್ಳುವುದನ್ನು ಮೈದಾನದಲ್ಲಿ ತರಬೇತಿ ಕೊಡುವವರಿಂದಲೇ ಕಲಿಯಬೇಕು. ಗಾರ್ಡಿಗೆ ದುಡ್ಡು ಕೊಡುವ ಅಪ್ಪಂದಿರು ಎರಡು ದಿನದ ತರಬೇತಿಗೂ ಕೊಡಲಿ.

ಇನ್ನು ಗಾರ್ಡಿನ ಜಾತಿಗಳು. ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಹೊರಗೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಒಳಗೆ ಫೋಮಿನ ಮೆತ್ತೆ, ತೋಳಿಗೊಂದು ಮುಂಗೈಗೊಂದು ಪಟ್ಟಿ. ಆಮೆಯ ಬೆನ್ನಿನಂತೆ ಕಾಣುತ್ತದೆ. ಇನ್ನೊಂದು, ಕಾಲುಚೀಲದ ಹಾಗೆ ತೋಳಿಗೆ ಏರಿಸುವ ಬಟ್ಟೆಯ ತೋಳು. ಅದರ ಮೊಣಕೈ ಜಾಗದಲ್ಲಿ ರಬ್ಬರಿನಂಥ ಮೆತ್ತನೆಯ ಬಿಲ್ಲೆ ಕೂತಿರುತ್ತದೆ.

ಈ ಮೆತ್ತನೆಯ ಬಿಲ್ಲೆ ಕೈಯಲ್ಲಿ ಹಿಡಿದರೆ ಯಾರಿಗೂ ನಂಬಿಕೆ ಬರುವುದಿಲ್ಲ. ‘ಇದೇನಿದು, ಹಪ್ಪಳದ ಹಿಟ್ಟಿನ ಹಾಗಿದೆ, ಕಲ್ಲಿನ ಪೆಟ್ಟು ತಡೆಯುತ್ತಾ?’ ಅನ್ನಿಸುತ್ತದೆ. ಅಡುಗೆಮನೆಯಲ್ಲೇ ಇದಕ್ಕೆ ಉದಾಹರಣೆ ಇದೆ. ಕಾರ್ನ್‌ಫ್ಲೋರನ್ನು ಸ್ವಲ್ಪವೇ ನೀರಿನಲ್ಲಿ ಗಟ್ಟಿಯಾಗಿ ಕಲಸಿ. ಚಮಚ ನಿಧಾನವಾಗಿ ಆಡಿಸಿದರೆ ಸಲೀಸಾಗಿ ಆಡುತ್ತದೆ. ಬೆರಳಿನಿಂದ ಫಟ್ಟನೆ ಹೊಡೆದರೆ ಕಲ್ಲಿನ ಹಾಗೆ ಎದುರು ನಿಲ್ಲುತ್ತದೆ. ಡಿ3ಒ ಎಂಬ ಹೆಸರಿನಲ್ಲಿ ಬರುವ ಬಿಲ್ಲೆ, ಅದರಂಥ ಇನ್ನಿತರ ಬಿಲ್ಲೆಗಳು ಇದೇ ರೀತಿ ನಡೆದುಕೊಳ್ಳುತ್ತವೆ. ಕೈ ಆಡಿಸುವಾಗ ಮೆತ್ತಗೆ, ಪೆಟ್ಟು ಬಿದ್ದ ಕ್ಷಣಕ್ಕೆ ಬಿಗಿ.

ಯಾವುದು ಒಳ್ಳೆಯದು? ಮಣ್ಣುದಾರಿಗೆ ನನ್ನ ಓಟು ಚಿಪ್ಪಿನ ಗಾರ್ಡಿಗೆ. ಚೂಪುಗಲ್ಲು, ಮುರಿದ ರೆಂಬೆ ಇರುವ ಕಡೆ ಗಟ್ಟಿ ಚಿಪ್ಪು ಕಲ್ಲಿನ ಮೇಲೆ ಜಾರಿಹೋಗುತ್ತದೆ. ಬಟ್ಟೆಯ ತೋಳಾದರೆ ಕಲ್ಲಿಗೆ ಸಿಕ್ಕಿ ಹರಿಯಬಹುದು. ಆದರೆ ಚಿಪ್ಪು ಬೆವರಿಗೆ ದೂರು ತರುತ್ತದೆ, ತೆಳ್ಳನೆ ಕೈಯವರಿಗೆ ತಿರುಗುತ್ತದೆ. ಬಟ್ಟೆಯ ತೋಳು ಹಗುರ, ಇಡೀ ದಿನ ತೊಡಬಹುದು. ಇಷ್ಟವಿಲ್ಲದ ಚಿಪ್ಪನ್ನು ಚೀಲದಲ್ಲಿಟ್ಟುಕೊಂಡು ಓಡಾಡುವ ಹುಡುಗನಿಗಿಂತ ಮೆತ್ತನೆಯದನ್ನು ತೊಟ್ಟುಕೊಂಡಿರುವ ಹುಡುಗ ಮೇಲು ಅನ್ನುವುದನ್ನೂ ಮರೆಯಬೇಡಿ. ಭುಜ, ಬೆನ್ನು, ಮೊಣಕೈ ಎಲ್ಲ ಸೇರಿದ ಜಾಲರಿ ಜಾಕೆಟ್ಟೂ ಸಿಗುತ್ತದೆ. ಅದರಲ್ಲಿ ಮೊಣಕೈಯ ಬಿಲ್ಲೆ ಸಡಿಲವಾಗಿ ಜೋತಾಡದಂತೆ ಮುಂಗೈಗೆ ಪಟ್ಟಿ ಇದೆಯೇ ನೋಡಿ.

ಚೀಟಿ ಓದುವುದನ್ನು ಕಲಿಯೋಣ

ನಾವು ಬೇಳೆ ಕೊಳ್ಳುವಾಗ ಕೂಡ ತಾರೀಖು ನೋಡಿ ಕೊಳ್ಳುತ್ತೇವೆ. ಗಾರ್ಡಿನ ಒಳಮೈಯಲ್ಲೂ ಒಂದು ಚೀಟಿ ಅಥವಾ ಅಚ್ಚು ಇರುತ್ತದೆ. ಅದರಲ್ಲಿ ಬೈಕ್ ಸವಾರನ ಪುಟ್ಟ ಚಿತ್ರ, ಇಎನ್ 1621-1 ಎಂಬ ಸಂಖ್ಯೆ, ಮೊಣಕೈಗೆ ಇಂಗ್ಲಿಷಿನ ‘ಇ’ ಅಕ್ಷರ ಇರಬೇಕು. ‘ಕೆ’ ಇದ್ದರೆ ಮೊಣಕಾಲಿನದು, ‘ಎಸ್’ ಇದ್ದರೆ ಭುಜದ್ದು. ಇದು ಯುರೋಪಿನ ಮಾನಕ. ಬರೀ ‘ಸಿಇ’ ಎಂದು ದೊಡ್ಡದಾಗಿ ಅಚ್ಚಾಗಿದ್ದು ಈ ಸಂಖ್ಯೆ ಇಲ್ಲದಿದ್ದರೆ ಅದನ್ನು ನಂಬಿ ಕೊಳ್ಳಬೇಡಿ. 14120 ಎಂಬ ಸಂಖ್ಯೆ ಕಂಡರೆ ಅದು ಮಕ್ಕಳ ಸ್ಕೇಟಿಂಗಿನಂಥ ಆಟಕ್ಕೆ ಮಾಡಿದ್ದು. ಸ್ಕೇಟಿಂಗಿಗೆ ಒಳ್ಳೆಯದೇ, ಬೈಕಿಗೆ ಅಲ್ಲ.

ಆ ಪರೀಕ್ಷೆ ಹೇಗೆ ನಡೆಯುತ್ತದೆ ಗೊತ್ತೇ? ಐದು ಕಿಲೋ ತೂಕದ ಕಬ್ಬಿಣವನ್ನು ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದಿಂದ ಬಿಲ್ಲೆಯ ಮೇಲೆ ಬೀಳಿಸಿ, ಕೆಳಗೆ ಎಷ್ಟು ಪೆಟ್ಟು ದಾಟಿತು ಎಂದು ಅಳೆಯುತ್ತಾರೆ. ದಾಟಿದ ಪೆಟ್ಟಿನ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ಇಲ್ಲಿ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು, ಆದ್ದರಿಂದ ಲೆವೆಲ್ 2 ಮೇಲು. ಆದರೆ ದಪ್ಪವಾಗಿರುವುದೂ ಉಂಟು. ಇದಲ್ಲದೆ ಟೈಪ್ ಎ, ಟೈಪ್ ಬಿ ಎಂದೂ ಬರೆದಿರುತ್ತದೆ. ಬಿ ಹೆಚ್ಚು ಜಾಗ ಮುಚ್ಚುತ್ತದೆ, ಎ ಚಿಕ್ಕದು, ಸಣ್ಣ ಮೈಕಟ್ಟಿನವರಿಗೆ ಹೊಂದುತ್ತದೆ. ಟಿ ಪ್ಲಸ್ ಅಂತ ಇದ್ದರೆ 40 ಡಿಗ್ರಿ ಸೆಕೆಯಲ್ಲೂ, ಟಿ ಮೈನಸ್ ಇದ್ದರೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲೂ ಪರೀಕ್ಷೆಯಾಗಿದೆ ಎಂದರ್ಥ. ರಾಯಚೂರಿನವರು ಮೊದಲನೆಯದನ್ನು ನೋಡಿ ಕೊಂಡರೆ ಸಾಕು. ಲಡಾಖಿಗೆ ಹೊರಟವರು ಎರಡನೆಯದನ್ನೂ ನೋಡಲಿ.

ಎಷ್ಟೇ ಒಳ್ಳೆಯ ಚೀಟಿ ಇದ್ದರೂ...

ನನ್ನ ಪರಿಚಯದವರೊಬ್ಬರ ಮಗಳು ಮೂಡಿಗೆರೆ ಹತ್ತಿರದ ತೋಟದ ಇಳಿಜಾರಿನಲ್ಲಿ ಬೈಕ್ ಸಮೇತ ಜಾರಿಬಿದ್ದಳು. ಗಾರ್ಡ್ ತೊಟ್ಟಿದ್ದಳು, ಬೆಲೆಯೂ ಕಡಿಮೆಯದಲ್ಲ. ಆದರೆ ಅದು ಅಣ್ಣನ ಅಳತೆಯದು. ಮೊದಲ ಉರುಳಿಗೇ ಗಾರ್ಡ್ ಮಣಿಕಟ್ಟಿಗೆ ಇಳಿದು ಬಳೆಯ ಹಾಗೆ ಕೂತಿತ್ತು, ಮೊಣಕೈಯ ಚರ್ಮ ಜಲ್ಲಿಯಲ್ಲಿ ಉಜ್ಜಿಹೋಗಿತ್ತು. ಗಾಯದೊಳಗಿನ ಮಣ್ಣು ತೆಗೆಯುವಾಗ ಆ ಹುಡುಗಿ ಅತ್ತದ್ದನ್ನು ಹೇಳುವಾಗ ಅವಳಮ್ಮನ ಕಣ್ಣೂ ಒದ್ದೆಯಾಯಿತು. “ದುಡ್ಡು ಕೊಟ್ಟೆವು ಕಣ್ರೀ, ಅಳತೆ ನೋಡಲಿಲ್ಲ” ಅಂದರು.

ಎಲ್ಬೋ ಗಾರ್ಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಗುಣ ಇದೇ: ಬಿದ್ದ ಹೊತ್ತಿನಲ್ಲಿ ಅದು ಮೊಣಕೈಯ ಮೇಲೇ ಇರಬೇಕು. ಜಾರಿಹೋದ ಲೆವೆಲ್ 2ಕ್ಕಿಂತ ಅಲುಗದೆ ಕೂತ ಲೆವೆಲ್ 1 ಸಾವಿರ ಪಾಲು ವಾಸಿ. ತೋಳು ಮೇಲೆ ದಪ್ಪ, ಕೆಳಗೆ ಸಣ್ಣ. ಅದರ ಮೇಲೆ ಬೆವರು, ಅದರ ಮೇಲೆ ಎಡೆಬಿಡದ ಅಲುಗಾಟ. ಗಾರ್ಡ್ ಕೆಳಗಿಳಿಯಲು ಇನ್ನೇನು ಬೇಕು?

ಹಾಗಾಗಿ ಮೊದಲು ಟೇಪು ತೆಗೆದುಕೊಳ್ಳಿ. ರವಿಕೆ ಹೊಲಿಯುವಾಗ ತೋಳಿನ ಸುತ್ತಳತೆ ತೆಗೆಯುವ ಹಾಗೆಯೇ. ಕೈಯನ್ನು ಸ್ವಲ್ಪ ಮಡಚಿಸಿ, ರಟ್ಟೆಯ ದಪ್ಪ ಭಾಗದಲ್ಲಿ ಒಂದು ಅಳತೆ, ಮೊಣಕೈಯ ಕೆಳಗೆ ಮುಂಗೈಯ ದಪ್ಪ ಭಾಗದಲ್ಲಿ ಇನ್ನೊಂದು. ಎರಡೂ ಕೈಯದು ಬರೆದಿಡಿ. ಒಂದೊಂದು ಕಂಪನಿ ಒಂದೊಂದು ಕಡೆಯ ಅಳತೆ ಕೇಳುತ್ತದೆ, ಒಬ್ಬರ ಮೀಡಿಯಂ ಇನ್ನೊಬ್ಬರ ಲಾರ್ಜ್ ಆಗಿರುತ್ತದೆ. ಆನ್‌ಲೈನಿನಲ್ಲಿ ತರಿಸುವಾಗ ಅವರದೇ ಅಳತೆಪಟ್ಟಿ ನೋಡಿ, ವಾಪಸು ಪಡೆಯುತ್ತಾರೋ ಇಲ್ಲವೋ ಅದನ್ನೂ ನೋಡಿ. ‘ಫ್ರೀ ಸೈಜ್’ ಅಂದದ್ದನ್ನು ತರಿಸಲೇಬೇಡಿ. ಬೆಳೆಯುವ ಹುಡುಗ ಎಂದು ಒಂದು ಸೈಜ್ ದೊಡ್ಡದು ಕೊಳ್ಳುವ ನಮ್ಮ ಅಭ್ಯಾಸ ಶಾಲೆಯ ಯೂನಿಫಾರ್ಮಿಗೆ ಸರಿ, ಇದಕ್ಕೆ ಸಲ್ಲದು.

ಗಾರ್ಡ್ ಮನೆಗೆ ಬಂತು. ಚೀಟಿ ಕೀಳುವ ಮೊದಲು ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಮಗನ ಕೈಗೆ, ಅಥವಾ ಮಗಳ ಕೈಗೆ, ಉದ್ದ ಕೋಲೊಂದನ್ನು ಕೊಟ್ಟು ಹ್ಯಾಂಡಲ್ ಹಿಡಿದ ಹಾಗೆ ಹಿಡಿಯಲು ಹೇಳಿ. ಮಂಡಿ ಬಗ್ಗಿಸಿ, ಮೊಣಕೈ ಹೊರಕ್ಕೆ ಚಾಚಿ ನಿಲ್ಲಲಿ. ನೆಟ್ಟಗೆ ಚಾಚಿದ ಕೈಯಲ್ಲಿ ಎಲ್ಲ ಗಾರ್ಡೂ ಸರಿಯಾಗೇ ಕಾಣುತ್ತದೆ, ಮಡಚಿದಾಗಲೇ ಬಣ್ಣ ಬಯಲಾಗುವುದು. ಮಡಚಿದ ಮೊಣಕೈಯ ಮೊನೆ ಚಿಪ್ಪಿನ ನಡುಮಧ್ಯೆ ಕೂತಿದೆಯೇ ನೋಡಿ. ಈಗ ನೀವು ಚಿಪ್ಪನ್ನು ಹಿಡಿದು ಮಣಿಕಟ್ಟಿನ ಕಡೆಗೆ ಎಳೆಯಿರಿ, ಆಮೇಲೆ ಆ ಕಡೆ ಈ ಕಡೆ ತಿರುಗಿಸಿ. ದಯೆ ದಾಕ್ಷಿಣ್ಯ ಬೇಡ, ಕಲ್ಲಿಗೆ ದಾಕ್ಷಿಣ್ಯ ಇರುವುದಿಲ್ಲ. ಮೊನೆ ಚಿಪ್ಪಿನಿಂದ ಆಚೆ ಬಂದರೆ ಆ ಸೈಜ್ ಬೇಡ. ಅಲುಗಲಿಲ್ಲವೋ, ಅರ್ಧ ಗಂಟೆ ಹಾಗೇ ತೊಟ್ಟುಕೊಂಡು ಮನೆಯಲ್ಲಿ ಓಡಾಡಲಿ. ಬೇಕಿದ್ದರೆ ನಾಲ್ಕು ಬಿಂದಿಗೆ ನೀರು ತುಂಬಲಿ, ನಮಗೂ ಉಪಕಾರ! ಆಗ ಬೆರಳು ಜೋಮು ಹಿಡಿದರೆ, ಮುಂಗೈ ನೋವು ಬಂದರೆ ಪಟ್ಟಿ ಅತಿ ಬಿಗಿ. ಒಳಸಂದಿನಲ್ಲಿ ಬಟ್ಟೆ ಮಡಿಕೆಯಾಗಿ ಕಚ್ಚಿದರೂ ಬೇಡ, ಆರು ಗಂಟೆಯ ಸವಾರಿಯಲ್ಲಿ ಅಲ್ಲಿ ಹುಣ್ಣೇ ಆಗುತ್ತದೆ.

ಪಟ್ಟಿ ಎರಡು ಇರಲಿ, ಮೇಲೊಂದು ಕೆಳಗೊಂದು. ಒಳ ಅಂಚಿನಲ್ಲಿ ಅಂಟಂಟಾದ ಸಿಲಿಕೋನ್ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದು ಬರಿಮೈಗೆ ತಾಗಿದರೆ ಮಾತ್ರ ಹಿಡಿಯುತ್ತದೆ. ಚಿಪ್ಪಿನ ಗಾರ್ಡನ್ನು ಸಡಿಲ ತೋಳಿನ ಜೆರ್ಸಿಯ ಒಳಗೇ ತೊಟ್ಟರೆ ಪಟ್ಟಿಗಳು ರೆಂಬೆಗೆ ಸಿಕ್ಕಿಕೊಳ್ಳುವುದಿಲ್ಲ. ಹೆಣ್ಣುಮಕ್ಕಳು ಹೊರಡುವ ಮುಂಚೆ ಬಳೆ, ಉಂಗುರ ತೆಗೆದಿಡಲಿ. ಅಜ್ಜಿ ಗೊಣಗಿದರೆ “ವಾಪಸು ಬಂದು ಹಾಕ್ಕೋತಾಳೆ ಬಿಡಿ ಅತ್ತೆ” ಅಂತ ನೀವೇ ಹೇಳಿಬಿಡಿ. ಗ್ಲೌಸಿನೊಳಗೆ ಒಡೆದ ಗಾಜಿನ ಬಳೆ ಮಣಿಕಟ್ಟನ್ನೇ ಸೀಳೀತು.

ಬಿದ್ದು ಬಂದರೆ?

ಇದನ್ನು ಬರೆಯದೆ ಲೇಖನ ಮುಗಿಸಲು ಮನಸ್ಸಿಲ್ಲ. ಮೊಣಕೈ ಊದಿಕೊಂಡು ಬಂದ ಮಗುವನ್ನು ಕೂರಿಸಿ ಎಣ್ಣೆ ಹಚ್ಚಿ ನೀವುವುದು, ಉಳುಕು ತೆಗೆಯುವವರ ಹತ್ತಿರ ಕರೆದೊಯ್ದು ಎಳೆಸುವುದು ನಮ್ಮ ಕಡೆ ಇನ್ನೂ ಇದೆ. ಬೆನ್ನುನೋವಿಗೆ ಏನಾದರೂ ಮಾಡಿಕೊಳ್ಳಿ, ಪೆಟ್ಟು ಬಿದ್ದ ಮೊಣಕೈಯನ್ನು ಮಾತ್ರ ಯಾರೂ ತಿಕ್ಕಬಾರದು, ಎಳೆಯಬಾರದು. ಹಾಗೆ ತಿಕ್ಕಿದರೆ ಸಂದಿನ ಸುತ್ತಲಿನ ಮಾಂಸದಲ್ಲಿ ಮೂಳೆಯಂಥ ಗಟ್ಟಿ ಬೆಳೆದು ಕೈ ಶಾಶ್ವತವಾಗಿ ಬಿಗಿದುಕೊಳ್ಳುವ ಅಪಾಯ ಇದೆ. ಮೂಳೆ ವೈದ್ಯರ ಹತ್ತಿರ ಬರುವ ಬಿಗಿದ ಮೊಣಕೈಗಳಲ್ಲಿ ಹೀಗೆ ನೀವಿಸಿಕೊಂಡು ಬಂದವೂ ಇರುತ್ತವೆ.

ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ. ಪೆಟ್ಟಾದ ಕೈ ಇನ್ನೊಂದರಷ್ಟು ನೆಟ್ಟಗಾಗದಿದ್ದರೆ ಎಕ್ಸ್‌ರೇ ಆಗಲೇಬೇಕು. ಬಲವಂತವಾಗಿ ನೆಟ್ಟಗೆ ಮಾಡಲು ಹೋಗಬೇಡಿ. ಊತ ಏರುವ ಮುಂಚೆ ಉಂಗುರ, ಗಡಿಯಾರ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ದುಪಟ್ಟಾದಿಂದ ಕೈಯನ್ನು ಕೊರಳಿಗೆ ಜೋತುಹಾಕಿ ಆಸ್ಪತ್ರೆಗೆ ಹೊರಡಿ. ಕಿರುಬೆರಳು ಮರಗಟ್ಟಿದೆ, ಬೆರಳು ತಣ್ಣಗಾಗಿದೆ ಅಂದರೆ ಬೆಳಗಾಗಲಿ ಎಂದು ಕಾಯುವ ಮಾತೇ ಇಲ್ಲ. ತರಚಿದ ಗಾಯವಾದರೆ ಹರಿಯುವ ನೀರಿನಲ್ಲಿ ಮಣ್ಣೆಲ್ಲ ಹೋಗುವ ತನಕ ತೊಳೆಯಿರಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಟೆಟನಸ್ ಚುಚ್ಚುಮದ್ದಿನ ಬಗ್ಗೆ ಡಾಕ್ಟರನ್ನು ಕೇಳಿ.

ಕೊನೆಗೆ ಒಗೆಯುವ ವಿಚಾರ, ಅದು ನಮ್ಮ ತಲೆಗೇ ತಾನೆ ಬರುವುದು! ಬಿಲ್ಲೆ ಹೊರಗೆ ಬರುವಂಥದ್ದಾದರೆ ಮೊದಲು ಅದನ್ನು ತೆಗೆಯಿರಿ, ಯಾವ ಬದಿ ಮೇಲಿತ್ತು ಎಂದು ನೆನಪಿಟ್ಟುಕೊಂಡು. ಬಟ್ಟೆಯ ಭಾಗವನ್ನು ತಣ್ಣೀರಲ್ಲಿ ಸೌಮ್ಯ ಸೋಪಿನ ಪುಡಿ ಹಾಕಿ ಕೈಯಲ್ಲೇ ಹಿಸುಕಿ. ಬ್ಲೀಚಿಂಗ್ ಬೇಡ, ಬಂಡೆಗೆ ಬಡಿಯುವುದು ಬೇಡ. ವೆಲ್ಕ್ರೋ ಪಟ್ಟಿಯನ್ನು ಮುಚ್ಚಿಯೇ ಒಗೆಯಿರಿ, ಇಲ್ಲವಾದರೆ ಎಲ್ಲ ದಾರ ಅದಕ್ಕೇ ಮೆತ್ತಿಕೊಳ್ಳುತ್ತದೆ. ಅದರೊಳಗೆ ಸಿಕ್ಕಿದ ಹುಲ್ಲು, ಅಂಟುಬೀಜಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಬಹುದು. ಬಿಲ್ಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಣಗಿಸುವುದು ನೆರಳಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗದೆ ಬಚ್ಚಲ ಹಂಡೆ ಒಲೆಯ ಮೇಲೆ ಕಟ್ಟಿದ ಗಳಕ್ಕೆ ಹಾಕುತ್ತೇವಲ್ಲ, ಗಾರ್ಡನ್ನು ಮಾತ್ರ ಅಲ್ಲಿ ಹಾಕಬೇಡಿ. ಆ ಶಾಖಕ್ಕೆ ಫೋಮ್ ಸತ್ವ ಕಳೆದುಕೊಳ್ಳುತ್ತದೆ, ಚಿಪ್ಪು ಸೊಟ್ಟಗಾಗುತ್ತದೆ. ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಟ್ಟರೆ ಒಣಗೀತು.

ಒಗೆದ ಮೇಲೆ ಬೆಳಕಿಗೆ ಹಿಡಿದು ಒಮ್ಮೆ ನೋಡಿ. ಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕು, ಬಿಲ್ಲೆಯಲ್ಲಿ ಒತ್ತಿದರೂ ಮೇಲೇಳದ ತಗ್ಗು, ಅಂಚಿನಲ್ಲಿ ಪುಡಿಪುಡಿ ಉದುರುವುದು, ಎಳೆದರೆ ವಾಪಸು ಬಾರದ ಸೋತ ಎಲಾಸ್ಟಿಕ್, ಇವುಗಳಲ್ಲಿ ಯಾವುದು ಕಂಡರೂ ಆ ಗಾರ್ಡಿನ ಕಾಲ ಮುಗಿಯಿತು. ತಮ್ಮನಿಗೆ ಆದೀತು ಎಂದು ಅಟ್ಟದ ಮೇಲೆ ಎತ್ತಿಡಬೇಡಿ. ಪಟ್ಟಿಯನ್ನು ಕತ್ತರಿಸಿಯೇ ಕಸಕ್ಕೆ ಹಾಕಿ, ಇಲ್ಲವಾದರೆ ಅವನು ಹೇಗೂ ಹುಡುಕಿ ತೊಟ್ಟುಕೊಂಡು ಹೋಗುತ್ತಾನೆ.